ಹೊಸದಾಗಿ ಮೆಂಬರ್ ಆದ ಮಗಳಿಗೆ ಕಾಕಾನ ಪತ್ರ

ನವನಗರ, ಬಾಗಲಕೋಟೆ
ಶ್ರಾವಣದ ಎರಡನೇ ಸೋಮವಾರ

ಚಿ. ಸೌ. ಮಗಳಿಗೆ,

ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ಚಿಗವ್ವನ ಮೊಣಕಾಲು ನೋವು ಹಾಗೇ ಇದೆ, ಮಳೆಗಾಲ ಅಲ್ವಾ. ಅಳಿಯಂದಿರಿಗೂ ಮಕ್ಕಳಿಗೂ ಕೇಳಿದೆವು ಅಂತ ಹೇಳು.

ಮೊನ್ನೆ ಫೋನಿನಲ್ಲಿ ಪಟ್ಟಣ ಪಂಚಾಯಿತಿಯ ನಿನ್ನ ಮೊದಲ ಸಭೆಯ ಸುದ್ದಿ ಹೇಳಿದೆ. ಇಪ್ಪತ್ತೆರಡು ವಿಷಯ ಇದ್ದವು, ಒಂದು ತಾಸಿನೊಳಗೆ ಎಲ್ಲ ಮುಗಿಯಿತು, ಮಿರ್ಚಿ ಭಜಿ ಬಿಸಿ ಇತ್ತು, ಸಿಪಾಯಿ ಪುಸ್ತಕ ತಂದ, ತೋರಿಸಿದ ಕಡೆ ಸಹಿ ಮಾಡಿದೆ ಅಂದೆ. ನೀನು ನಗುತ್ತಾ ಹೇಳಿದೆ, ನಾನೂ ನಕ್ಕೆ. ಆಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಮೂವತ್ತೊಂದು ವರ್ಷ ನಾಲ್ಕಾರು ಊರುಗಳಲ್ಲಿ ಗುಮಾಸ್ತನಾಗಿ ಅದೇ ಪುಸ್ತಕ ಬರೆದವನು ನಾನು. ಮೆಂಬರುಗಳ ಹತ್ತಿರ ಸಿಪಾಯಿಯನ್ನು ಕಳಿಸುತ್ತಿದ್ದವನೂ ನಾನೇ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂತೀಯ, ಒಲೆ ಮೇಲೆ ಹಾಲು ಇಟ್ಟಿರುತ್ತೀಯ. ಅದಕ್ಕೇ ಕಾಗದ ಹಿಡಿದೆ.

ಒಂದು ಕೇಳುತ್ತೇನೆ. ನೀನು ಸಹಿ ಮಾಡಿದ ಹಾಳೆಯಲ್ಲಿ ಏನಿತ್ತು? ಮೇಲೆ ಸಭೆಯ ತಾರೀಖು, ಕೆಳಗೆ ಒಂದರಿಂದ ನಂಬರು, ಎಲ್ಲರ ಹೆಸರು, ಹೆಸರಿನ ಮುಂದೆ ಸಹಿ. ಅದು ಹಾಜರಿ. ಅದರ ಮುಂದಿನ ಹಾಳೆ ಖಾಲಿ ಇತ್ತು, ಅಲ್ವಾ? ಠರಾವು, ಅಂದರೆ ಸಭೆಯ ನಿರ್ಣಯ, ಬರೆಯುವುದು ಆಮೇಲೆ. ಭಜಿ ತಿಂದ ಕಾಗದ ಎತ್ತಿ, ಖುರ್ಚಿ ಸರಿಸಿ, ನೀವೆಲ್ಲ ಮನೆ ಮುಟ್ಟಿದ ಮೇಲೆ ಗುಮಾಸ್ತ ಕೂತು ಬರೆಯುತ್ತಾನೆ. ಒಮ್ಮೊಮ್ಮೆ ಅದೇ ಸಂಜೆ, ಒಮ್ಮೊಮ್ಮೆ ವಾರ ಬಿಟ್ಟು. ಯಾರು ಎಷ್ಟು ಜೋರಾಗಿ ಮೇಜು ಕುಟ್ಟಿದರು ಅನ್ನುವುದನ್ನು ಊರು ಎರಡು ದಿನ ಮಾತಾಡಿ ಬಿಡುತ್ತದೆ. ಐದು ವರ್ಷ ಬಿಟ್ಟು ಕೋರ್ಟಿಗೆ ಹೋಗುವುದು, ಆಡಿಟಿನವರು ತೆಗೆದು ನೋಡುವುದು ಆ ಖಾಲಿ ಹಾಳೆಯ ಮೇಲೆ ಬಂದದ್ದನ್ನು.

ಗುಮಾಸ್ತರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ನಾನೇನು ಕಳ್ಳನಿದ್ದೆನೇ? ಆದರೆ ನನ್ನ ಕೈಯಿಂದಲೇ ಏನಾಯಿತು ಅಂತ ಹೇಳುತ್ತೇನೆ. ಇದನ್ನು ನಿನ್ನಪ್ಪನಿಗೂ ಹೇಳಿಲ್ಲ.

ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಊರಿನ ಹೆಸರು ಬೇಡ. ಮಾರ್ಚ್ ತಿಂಗಳು, ಸಂತೆ ಕರದ ಲಿಲಾವು. ಏಪ್ರಿಲ್‌ನಿಂದ ಮುಂದಿನ ಮಾರ್ಚ್‌ವರೆಗೆ ಸಂತೆಯಲ್ಲಿ ಕರ ವಸೂಲಿ ಮಾಡುವ ಹಕ್ಕನ್ನು ಸವಾಲು ಕೂಗಿ ಕೊಡುವುದು ಪದ್ಧತಿ, ನಿನ್ನೂರಲ್ಲೂ ಅದೇ ಇರುತ್ತದೆ. ಸಭೆಯಲ್ಲಿ ಚರ್ಚೆ ಚೆನ್ನಾಗಿಯೇ ಆಯಿತು. ಬುಟ್ಟಿಗೆ ಎಂಟಾಣೆ, ಚಕ್ಕಡಿಗೆ ಎರಡು ರೂಪಾಯಿ, ಕುರಿಗೆ ಇಷ್ಟು, ದನಕ್ಕೆ ಇಷ್ಟು, ಸಂತೆಯ ಬಾಯಲ್ಲಿ ದರದ ಬೋರ್ಡು ಹಾಕಬೇಕು ಅಂತ ಒಬ್ಬ ವಯಸ್ಸಾದ ಮೆಂಬರು ಒತ್ತಿ ಹೇಳಿದರು. ಎಲ್ಲರೂ ಹೌದು ಹೌದು ಅಂದರು. ಡಂಗುರ ಹೊಡೆಸಲೂ ಹೇಳಿದರು. ಆ ಸಂಜೆ ಕರೆಂಟು ಹೋಯಿತು. ಕಂದೀಲು ಇಟ್ಟುಕೊಂಡು ಬರೆಯಲು ಕೂತೆ. ಹದಿನೆಂಟು ವಿಷಯ. ಸಂತೆಯದು ಹದಿನಾರನೆಯದು. ಕೈ ಸೋತಿತ್ತು, ಬಸ್ಸಿನ ಹೊತ್ತಾಗಿತ್ತು. ಎರಡೇ ಸಾಲು ಬರೆದೆ: ಅತಿ ಹೆಚ್ಚು ಸವಾಲು ಕೂಗಿದವರಿಗೆ ಸಂತೆ ಕರ ವಸೂಲಿ ಹಕ್ಕನ್ನು ಕೊಡಲು ಸರ್ವಾನುಮತದಿಂದ ಠರಾಯಿಸಲಾಯಿತು. ದರ ಇಲ್ಲ, ಬೋರ್ಡು ಇಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಮೊದಲ ವಿಷಯ ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಓದಲೇ ಇಲ್ಲ. ಅಧ್ಯಕ್ಷರು "ಓದಿದಂಗ ಆತು, ಮುಂದ ನಡೀರಿ" ಅಂದರು. ದರದ ಬಗ್ಗೆ ಒತ್ತಿ ಹೇಳಿದ್ದ ಆ ಹಿರಿಯರೂ ಚಹಾ ಕುಡಿಯುತ್ತಾ ಸುಮ್ನೆ ಕೂತಿದ್ದರು.

ಅದಾಗಿ ಎರಡು ಸಂತೆ ಕಳೆದಿರಬೇಕು. ಒಬ್ಬ ಮುದುಕಿ ಬುಟ್ಟಿ ಸಮೇತ ಆಫೀಸಿಗೆ ಬಂದಳು. ಪುಂಡಿಪಲ್ಯದ ಸಿವುಡು, ಮೇಲೆ ಒಂದಿಷ್ಟು ಮೆಂತೆ, ಒದ್ದೆ ಗೋಣಿತಾಟು ಮುಚ್ಚಿತ್ತು. ಬುಟ್ಟಿಯ ನೀರು ಆಫೀಸಿನ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಪಾವತಿ ಇತ್ತು. ಅದರ ಮೇಲೆ ನಂಬರು ಇತ್ತು, ರೂಪಾಯಿ ಎಷ್ಟು ಅಂತ ಬರೆದಿರಲಿಲ್ಲ. "ಎಪ್ಪಾ, ಎಂಟಾಣೆ ಅಂತ ನೀವ ಡಂಗುರಾ ಹೊಡಿಸಿದ್ರಿ. ಇಂವಾ ರೂಪಾಯಿ ಕಸಗೊಂತಾನ. ಎಂಟಾಣೆ ಅಂತ ಎಲ್ಲಿ ಬರದೈತಿ ತೋರಸು ಅಂತಾನ. ಎಲ್ಲಿ ಬರದೀರಿ? ತೋರಸ್ರಿ" ಅಂದಳು. ಸಾಹೇಬರು ಪುಸ್ತಕ ತರಿಸಿದರು, ಹಾಳೆ ತಿರುವಿದರು, ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಮುಖ ನೋಡಿದರು.

ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ಗುತ್ತಿಗೆದಾರ ವಕೀಲರ ನೋಟೀಸು ಕೊಟ್ಟ. ಒಂದು ಸಭೆಗೆ ಕೋರಂ ಆಗಲಿಲ್ಲ, ಮತ್ತೊಂದು ಮುಂದಕ್ಕೆ ಹೋಯಿತು. ಹದಿನೇಳು ಸಂತೆ ಆ ಮುದುಕಿ ರೂಪಾಯಿ ಕೊಟ್ಟಳು. ಎಂಟೂವರೆ ರೂಪಾಯಿ ಲುಕ್ಸಾನು ಒಬ್ಬಳಿಗೆ. ಸಂತೆಯಲ್ಲಿ ಬುಟ್ಟಿ ಇಟ್ಟವರು ಎಷ್ಟು ಮಂದಿ ಇದ್ದರೋ ಅಷ್ಟಕ್ಕೆ ಗುಣಿಸು. ನಾನು ಆ ಊರಲ್ಲಿ ಇರುವಷ್ಟು ದಿನ ಅವಳ ಹತ್ತಿರವೇ ಪಲ್ಯ ತಂದೆ, ಚೌಕಾಶಿ ಮಾಡದೆ. ಅವಳಿಗೆ ಯಾಕೆ ಅಂತ ಗೊತ್ತಿರಲಿಲ್ಲ. ನಿನ್ನ ಚಿಗವ್ವ ಮಾತ್ರ ವಾರಕ್ಕೆ ಎರಡು ಸಲ ಪುಂಡಿಪಲ್ಯ ಮಾಡಿ ಮಾಡಿ ಬೇಸತ್ತಿದ್ದಳು.

ಈಗ ನಿನಗೆ ನನ್ನ ಮೊದಲ ಮಾತು ಏನಂತ ತಿಳಿದಿರಬೇಕು. ಮೊನ್ನೆಯ ಸಭೆಯ ನಡಾವಳಿಯ ನಕಲು ಕೇಳು. ಬಾಯಿಮಾತಿನಲ್ಲಿ ಕೇಳಿದರೆ "ಕೊಡ್ತೀವ್ರಿ ಮೇಡಮ್" ಅಂತಾರೆ, ದಿನ ಹೋಗುತ್ತವೆ. ನಾಲ್ಕು ಸಾಲು ಬರೆದು ಮುಖ್ಯಾಧಿಕಾರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಆಫೀಸಿನ ಮೊಹರು ಹಾಕಿಸಿಕೋ. ನಡಾವಳಿ ಮುಂದಿನ ಸಭೆಯಲ್ಲಿ ದೃಢೀಕರಣಕ್ಕೆ ಬರುತ್ತದೆ. ಅಲ್ಲಿಯ ತನಕ ಬರೆದದ್ದು ತಪ್ಪಿದ್ದರೆ ತಪ್ಪು ಅನ್ನಲು ನಿನಗೆ ಜಾಗ ಇದೆ. ದೃಢೀಕರಣ ಆದ ಮೇಲೆ ಕೂಗಿದರೆ ಮಳೆ ನಿಂತ ಮೇಲೆ ಕೊಡೆ ಬಿಚ್ಚಿದ ಹಾಗೆ.

ಅಜೆಂಡಾದ ಮಾತು. ಸಾಮಾನ್ಯ ಸಭೆಗೆ ಏಳು ದಿನ ಮೊದಲೇ ನೋಟೀಸು ಕೈ ಸೇರಬೇಕು. ಹಿಂದಿನ ರಾತ್ರಿ ಮನೆಗೆ ತಂದು ಕೊಟ್ಟು ಹಳೇ ತಾರೀಖು ಹಾಕಿ ಸಹಿ ಮಾಡಿ ಅಂದರೆ ಮಾಡಬೇಡ. ಕೈಗೆ ಬಂದ ದಿನದ ತಾರೀಖೇ ಹಾಕು. ಜಗಳ ಬೇಡ, ಸಹಿಯ ಕೆಳಗೆ ತಾರೀಖು ಬರೆದರೆ ಸಾಕು, ಮುಂದಿನ ಸಲ ಬೇಗ ತಂದು ಕೊಡುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ಆ ಪಟ್ಟಿಯಲ್ಲಿ ಎರಡು ಕಡೆ ಬೆರಳು ಇಟ್ಟು ಓದು. ಒಂದು, ಘಟನೋತ್ತರ ಮಂಜೂರಾತಿ. ಅಂದರೆ ಕೆಲಸ ಮಾಡಿಸಿ ಆಗಿದೆ, ನೀವು ಈಗ ಹೂಂ ಅನ್ನಿ ಅಂತ. ಬೇಸಿಗೆಯಲ್ಲಿ ಬೋರಿನ ಮೋಟಾರು ಸುಟ್ಟರೆ ಸಭೆ ಸೇರುವ ತನಕ ಊರು ನೀರಿಲ್ಲದೆ ಕೂರಲು ಆಗುತ್ತದೆಯೇ? ಮಾಡಿಸಲೇಬೇಕು. ಹಾಗಾಗಿ ಘಟನೋತ್ತರ ಅಂದ ಕೂಡಲೇ ಅನುಮಾನ ಪಡಬೇಡ. ಆದರೆ ಯಾವ ಬೋರು, ಯಾವ ತಾರೀಖು ಅಂತ ಕೇಳು.

ಒಮ್ಮೆ ಹೀಗಾಯಿತು. ಒಂದು ಸಭೆಯಲ್ಲಿ ಒಂದೇ ಬೋರಿನ ಮೋಟಾರು ಸುತ್ತಿಸಿದ ಮೂರು ಬಿಲ್ಲು ಬಂದಿದ್ದವು, ಒಂದೇ ತಿಂಗಳೊಳಗೆ. ನಾನು ಓದಿದೆ, ಎಲ್ಲರೂ ಮುಂದೆ ಅಂದರು. ಮೂಲೆಯಲ್ಲಿ ಕೂತ ಒಬ್ಬ ಮೆಂಬರವ್ವ ಮೊದಲ ಸಲ ಬಾಯಿ ತೆಗೆದಳು. ಅಕ್ಷರ ಅಷ್ಟಕ್ಕಷ್ಟೇ ಇದ್ದಾಕೆ. "ಎರಡನೇ ತಾರೀಖು ಇನ್ನೊಮ್ಮೆ ಓದ್ರಿ" ಅಂದಳು. ಓದಿದೆ. "ಅವತ್ತು ಎಳ್ಳ ಅಮಾಸಿ. ಚರಗಾ ಚೆಲ್ಲಾಕ ಹೊಲಕ್ಕ ಹೋಗೂ ಮುಂದ ನಾನ ಆ ಬೋರಿಗೆ ನೀರು ತುಂಬಕೊಂಡೇನಿ. ಮೋಟರ್ ನಡದಿತ್ತು" ಅಂದಳು. ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಆ ಬಿಲ್ಲು ಬದಿಗೆ ಹೋಯಿತು, ಮತ್ತೆ ಬರಲೇ ಇಲ್ಲ. ಎಂಜಿನಿಯರಿಂಗ್ ಓದಿದ ಮೆಂಬರುಗಳೂ ಆ ಸಭೆಯಲ್ಲಿದ್ದರು. ಅವರ ಮನೆಗೆಲ್ಲ ಟಾಕಿ ಇತ್ತು, ಮೋಟಾರು ನಡೆದದ್ದು ನಿಂತದ್ದು ಅವರಿಗೆ ಗೊತ್ತಾಗುವುದು ಹೇಗೆ? ನೀನು ನಳದ ನೀರಿಗೆ ಕೊಡ ಹಚ್ಚಿದವಳು. ನಿಮ್ಮ ಓಣಿಯ ಗಟಾರ ಯಾವ ಮನೆಯ ಮುಂದೆ ಕಟ್ಟುತ್ತದೆ, ಯಾವ ಕಂಬದ ಲೈಟು ಶಿವರಾತ್ರಿಯಿಂದ ಹತ್ತಿಲ್ಲ ಅಂತ ನಿನಗೆ ಬಾಯಿಪಾಠ. ಅದನ್ನೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡು. ನೀರು ಬಂದ ದಿನ, ಬಾರದ ದಿನ, ಕಸದ ಗಾಡಿ ಬಂದ ದಿನ. ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆಯುತ್ತೀಯಲ್ಲ, ಹಾಗೆ.

ಇನ್ನೊಂದು, ಪಟ್ಟಿಯ ಕಟ್ಟಕಡೆಯ ಸಾಲು: ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರೆ ವಿಷಯಗಳು. ನೋಡಲು ಬಡಪಾಯಿ ಸಾಲು. ಎಲ್ಲರಿಗೂ ಹಸಿವಾಗಿರುತ್ತದೆ, ಒಬ್ಬೊಬ್ಬರೇ ಎದ್ದು ಫೋನು ಹಿಡಿದು ಹೊರಗೆ ಹೋಗುತ್ತಿರುತ್ತಾರೆ, ಆಗ ಅದು ಬರುತ್ತದೆ. ಮೊದಲೇ ಪಟ್ಟಿಯಲ್ಲಿ ಹಾಕಿದ್ದರೆ ಹತ್ತು ಜನ ಹತ್ತು ಪ್ರಶ್ನೆ ಕೇಳುತ್ತಿದ್ದ ವಿಷಯ ಈ ಬಾಗಿಲಿನಿಂದ ಒಳಗೆ ಬರುತ್ತದೆ. ಮಳಿಗೆಯ ಬಾಡಿಗೆ ಅವಧಿ ಮುಂದುವರಿಸುವುದು, ಲೇಔಟಿನಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗದ ಮಾತು, ಹೀಗೆ. ನನ್ನ ಅನುಭವದಲ್ಲಿ ಮೆಂಬರು ಕೊನೆಯ ತನಕ ಕೂತರೆ ಅರ್ಧ ಕೆಲಸ ಆದ ಹಾಗೆ. ಎದ್ದು ಹೋಗಬೇಡ. ನಿನಗೆ ಒಪ್ಪಿಗೆ ಇಲ್ಲದಿದ್ದರೆ "ನನ್ನ ವಿರೋಧ ಇದೆ, ನಡಾವಳಿಯಲ್ಲಿ ಬರೆದುಕೊಳ್ಳಿ" ಅನ್ನು. ಅಷ್ಟೇ, ಭಾಷಣ ಬೇಡ. ಆಮೇಲೆ ಬರೆದರೋ ಇಲ್ಲವೋ ಅಂತ ನಕಲಿನಲ್ಲಿ ನೋಡು.

ಪಟ್ಟಣ ಪಂಚಾಯಿತಿ ಅಂದರೆ ಏನು ಮಹಾ ಅಂತ ನಿನ್ನ ನಾದಿನಿ ಅಂದಳಂತೆ. ಹೇಳಿಬಿಡು ಅವಳಿಗೆ. ಹತ್ತು ಸಾವಿರ ಜನದಿಂದ ಇಪ್ಪತ್ತು ಸಾವಿರದೊಳಗಿನ ಊರಿಗೆ ಪಟ್ಟಣ ಪಂಚಾಯಿತಿ, ಅದರ ಮೇಲೆ ಪುರಸಭೆ, ಐವತ್ತು ಸಾವಿರ ದಾಟಿದರೆ ನಗರಸಭೆ. ಮೂರಕ್ಕೂ 1964ರ ಒಂದೇ ಪೌರಸಭೆ ಕಾಯ್ದೆ. ಅದಕ್ಕೂ ಮುಂಚೆ ನಮ್ಮ ಕಡೆ ಮುಂಬಯಿ ಸರ್ಕಾರದ ಕಾಯ್ದೆ ನಡೆಯುತ್ತಿತ್ತು. ಠರಾವು, ಲಿಲಾವು, ಪಗಾರ, ಉತಾರ, ಈ ಮಾತುಗಳೆಲ್ಲ ಆ ಕಾಲದಿಂದ ನಮ್ಮ ಆಫೀಸಿನಲ್ಲಿ ಉಳಿದವು. ಮೈಸೂರಿನ ನಗರಾಭಿವೃದ್ಧಿ ಸಂಸ್ಥೆಗೆ ತರಬೇತಿಗೆ ಹೋದಾಗ ನಾನು ಠರಾವು ಅಂದರೆ ಆ ಕಡೆಯವರು ಪಿಳಿಪಿಳಿ ನೋಡುತ್ತಿದ್ದರು. ಅವರದು ನಿರ್ಣಯ. ನಿನ್ನನ್ನೂ ತರಬೇತಿಗೆ ಕರೆಯುತ್ತಾರೆ. ಹೋಗು. ಚಾಮುಂಡಿ ಬೆಟ್ಟ ನೋಡುವ ನೆಪಕ್ಕಾದರೂ ಹೋಗು. ಅಲ್ಲಿ ಬೇರೆ ಊರಿನ ಹೆಣ್ಣುಮಕ್ಕಳು ಸಿಗುತ್ತಾರೆ, ಫೋನ್ ನಂಬರು ಇಸಿದುಕೋ. ನಮ್ಮ ರಾಜ್ಯದಲ್ಲಿ ಇಂಥ ಊರುಗಳ ಅರ್ಧ ಸೀಟು ಹೆಂಗಸರಿಗೇ ಮೀಸಲು, ನಿನ್ನಂಥವರು ಬಹಳ ಮಂದಿ ಇದ್ದಾರೆ.

ಬರೆದಿಡುವ ಮಾತು ಬಂತಲ್ಲ, ಒಂದು ನೆನಪಾಯಿತು. ರಿಟೈರ್ ಆದ ವರ್ಷ ನಿನ್ನ ಚಿಗವ್ವನನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ, ಸೋಮೇಶ್ವರ ದೇವರ ದರ್ಶನಕ್ಕೆ. ಆ ಊರಿನ ಹಳೇ ಹೆಸರು ಪೊರಿಗೆರೆ. ನಮ್ಮ ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯ ಯುವರಾಜ ಆಗಿದ್ದಾಗ, 8ನೇ ಶತಮಾನದಲ್ಲಿ, ಆ ಊರಿನ ಮಹಾಜನರಿಗೆ ಒಂದು ವ್ಯವಸ್ಥೆ ಮಾಡಿಕೊಟ್ಟು ಕಲ್ಲಿನ ಮೇಲೆ ಕೆತ್ತಿಸಿದ. ಅಧಿಕಾರಿಗಳು ಏನು ಕಾಪಾಡಬೇಕು, ಮನೆಮನೆಯವರು ಏನು ತೆರಬೇಕು ಅಂತ ಅದರಲ್ಲಿದೆ. ಅಲ್ಲಿ ನಿಂತು ನನಗೆ ಆ ಪಲ್ಯದ ಮುದುಕಿ ನೆನಪಾದಳು. ಎಲ್ಲಿ ಬರೆದೀರಿ ತೋರಿಸ್ರಿ ಅಂದರೆ ಅವರು ತೋರಿಸಬಹುದಿತ್ತು, ಕಲ್ಲೇ ಇತ್ತು. ನನ್ನ ಹತ್ತಿರ ಎರಡು ಸಾಲು ಇತ್ತು.

ತೆರಿಗೆಯ ಮಾತು ಬೇಗ ಹೇಳುತ್ತೇನೆ. ನಿನ್ನ ಮನೆಯ ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿಬಿಡು. ಶೇ. 5 ರಿಯಾಯಿತಿಯೂ ಸಿಗುತ್ತದೆ, ಬಾಯಿಯೂ ಗಟ್ಟಿ ಇರುತ್ತದೆ. ಬಾಕಿ ಇಟ್ಟುಕೊಂಡ ಮೆಂಬರು ಸಭೆಯಲ್ಲಿ ಎದ್ದು ನಿಂತರೆ ಗುಮಾಸ್ತ ಒಳಗೊಳಗೇ ನಗುತ್ತಾನೆ. ನಾನೇ ನಕ್ಕಿದ್ದೇನೆ. ಆಮೇಲೆ ನಿನ್ನ ವಾರ್ಡಿನ ಬೇಡಿಕೆ, ವಸೂಲಿ, ಬಾಕಿಯ ತಃಖ್ತೆ, ಅಂದರೆ ಲೆಕ್ಕದ ಪಟ್ಟಿ, ಕೇಳಿ ತೆಗೆದುಕೋ. ಅದರ ಜೊತೆಗೆ ಮಳಿಗೆ ಬಾಡಿಗೆಯ ಬಾಕಿ ಪಟ್ಟಿ. ಗುಡಿಸಲಿನ ಇನ್ನೂರು ರೂಪಾಯಿ ಬಾಕಿಗೆ ನಳ ಕತ್ತರಿಸಲು ಹೋಗುತ್ತಾರೆ. ಬಸ್ ಸ್ಟ್ಯಾಂಡಿನ ಎದುರಿನ ಮಳಿಗೆ ಯಾರ ಹೆಸರಲ್ಲಿದೆ, ಒಳಗೆ ವ್ಯಾಪಾರ ಮಾಡುವವರು ಯಾರು, ಬಾಡಿಗೆ ಎಷ್ಟು ವರ್ಷದಿಂದ ಬಂದಿಲ್ಲ ಅಂತ ನೋಡಿದರೆ ಊರಿನ ದೊಡ್ಡಮಂದಿಯ ಹೆಸರು ಒಂದೊಂದೇ ಹೊರಗೆ ಬರುತ್ತವೆ. ಮೊದಲ ವರ್ಷವೇ ಆ ಹುತ್ತಕ್ಕೆ ಕೈ ಹಾಕು ಅಂತ ನಾನು ಹೇಳುವುದಿಲ್ಲ. ಪಟ್ಟಿ ನಿನ್ನ ಹತ್ತಿರ ಇದೆ ಅಂತ ಅವರಿಗೆ ಗೊತ್ತಾದರೆ ಸದ್ಯಕ್ಕೆ ಸಾಕು.

ಜನ ಕೇಳುತ್ತಾರೆ, ನಾವು ಕಟ್ಟಿದ್ದೆಲ್ಲ ಎಲ್ಲಿ ಹೋಗುತ್ತದೆ ಅಂತ. ತೆರಿಗೆಯ ಚಲನ್ ತೋರಿಸು. ಅದರಲ್ಲಿ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಅಂತೆಲ್ಲ ಇರುತ್ತದೆ. ಅದು ಊರಿನ ದುಡ್ಡಲ್ಲ, ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟಬೇಕು. ಹಣಕಾಸು ಆಯೋಗದ ಅನುದಾನ ಬಂದರೂ ದೊಡ್ಡ ಪಾಲು ನೀರು ಮತ್ತು ಸ್ವಚ್ಛತೆಗೆ ಅಂತ ಮೊದಲೇ ಗಂಟು ಕಟ್ಟಿ ಬಂದಿರುತ್ತದೆ. ಕೈ ಬಿಚ್ಚಿ ಖರ್ಚು ಮಾಡುವಂಥದ್ದು ಸ್ವಲ್ಪವೇ.

ಬಜೆಟ್ ಸಭೆ ಬಂದಾಗ ಮೂರು ಅಂಕಿ ನೆನಪಿಟ್ಟುಕೋ: 24.10, 7.25, 5. ಮೊದಲನೆಯದು ಪರಿಶಿಷ್ಟ ಜಾತಿ ಪಂಗಡದವರಿಗೆ, ಎರಡನೆಯದು ಇತರೆ ಹಿಂದುಳಿದ ಬಡವರಿಗೆ, ಮೂರನೆಯದು ಅಂಗವಿಕಲರಿಗೆ, ಎಲ್ಲ ಶೇಕಡಾ ಲೆಕ್ಕ. ಬಜೆಟ್ಟಿನಲ್ಲಿ ಇಟ್ಟಿರುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಹೋದ ವರ್ಷ ಇಟ್ಟದ್ದರಲ್ಲಿ ಖರ್ಚಾದದ್ದೆಷ್ಟು ಅಂತ ಕೇಳು. ಎಷ್ಟೋ ಊರುಗಳಲ್ಲಿ ವೀಲ್‌ಚೇರಿನ ದುಡ್ಡು ಬ್ಯಾಂಕಿನಲ್ಲಿ ಬಡ್ಡಿ ತಿನ್ನುತ್ತಾ ಕೂತಿರುತ್ತದೆ, ಆ ಹುಡುಗ ಅಪ್ಪನ ಹೆಗಲ ಮೇಲೆ ಸಾಲೆಗೆ ಹೋಗುತ್ತಿರುತ್ತಾನೆ. ಮಿಕ್ಕದ್ದು, ಉಳಿತಾಯ ಬಜೆಟ್ ಅಂತ ಪೇಪರಿನಲ್ಲಿ ಹಾಕಿಸುವುದೆಲ್ಲ ಇದ್ದದ್ದೇ.

ಈಗ ಸ್ವಲ್ಪ ಮುಜುಗರದ ಮಾತು. ಅಳಿಯಂದಿರ ಬಗ್ಗೆ ನನಗೆ ಗೌರವ ಇದೆ. ಆದರೆ ಸಭೆಗೆ ನಿನ್ನ ಜೊತೆ ಅವರು ಒಳಗೆ ಬಂದು ಕೂತಿದ್ದರು ಅಂತ ಇನ್ನೊಬ್ಬರಿಂದ ಕೇಳಿದೆ. ನೀನು ಅದನ್ನು ಹೇಳಲಿಲ್ಲ. ಅವರಿಗೆ ಕೆಟ್ಟ ಉದ್ದೇಶ ಇಲ್ಲ, ನಿನಗೆ ಧೈರ್ಯ ಇರಲಿ ಅಂತ ಬಂದಿರುತ್ತಾರೆ. ಆದರೆ ಓಟು ಹಾಕಿಸಿಕೊಂಡವಳು ನೀನು. ಒಮ್ಮೆ ಗಂಡ ಉತ್ತರ ಹೇಳಲು ಶುರು ಮಾಡಿದರೆ ಅಧಿಕಾರಿಗಳು ಫೈಲು ತೆಗೆದುಕೊಂಡು ಸೀದಾ ಅವರ ಹತ್ತಿರವೇ ಹೋಗುತ್ತಾರೆ, ನಿನ್ನ ಖುರ್ಚಿ ಬರೀ ಖುರ್ಚಿಯಾಗಿ ಉಳಿಯುತ್ತದೆ. ಬೈಕಿನಲ್ಲಿ ಬಿಟ್ಟು ಹೊರಗೆ ಚಹಾ ಕುಡಿಯಲಿ. ಈ ಪತ್ರ ಅವರೂ ಓದಲಿ ಅಂತಲೇ ಬರೆದಿದ್ದೇನೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ದೀಪಾವಳಿಗೆ ಬಂದಾಗ ಸರಿ ಮಾಡಿಕೊಳ್ಳುತ್ತೇನೆ.

ನಿನ್ನ ಮೈದುನನದು ಇನ್ನೊಂದು. ಪೈಪ್‌ಲೈನಿನ ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತಾನಲ್ಲ. ನಿಮ್ಮ ಪಂಚಾಯಿತಿಯ ಕೆಲಸ ಅವನು ಹಿಡಿದು, ಅದರಲ್ಲಿ ನಿನ್ನ ಪಾಲು ಇದೆ ಅಂತ ಯಾರಾದರೂ ತೋರಿಸಿದರೆ ಮೆಂಬರ್‌ಗಿರಿಗೇ ಕುತ್ತು. ಕಾಯ್ದೆ ಹಾಗಿದೆ. ಮನೆ ಒಂದೇ, ಒಲೆ ಒಂದೇ, ಪಾಲು ಇಲ್ಲ ಅಂತ ನೀನು ಎಲ್ಲಿಯ ತನಕ ಹೇಳುತ್ತೀ? ಅವನು ಇನ್ನೊಂದು ಊರಿನಲ್ಲಿ ಕೆಲಸ ನೋಡಿಕೊಳ್ಳಲಿ. ಟೆಂಡರ್ ತಪ್ಪಿಸಲು ಒಂದೇ ಗಟಾರವನ್ನು ನಾಲ್ಕು ತುಂಡು ಮಾಡಿ ತುಂಡು ಗುತ್ತಿಗೆಗೆ ತಂದರೆ ಅದಕ್ಕೂ ಹೂಂ ಅನ್ನಬೇಡ. ಮೂರನೇ ತುಂಡಿಗೂ ನಾಲ್ಕನೇ ತುಂಡಿಗೂ ನಡುವೆ ಏನು ಬಿಟ್ಟಿದ್ದೀರಿ ಅಂತ ಸಾವಕಾಶ ಕೇಳು. ಉತ್ತರ ಬರುವುದಿಲ್ಲ.

ಮನೆಗೆ ಜನ ಬರುತ್ತಾರೆ, ಬರಬೇಕು. ಹೆಚ್ಚಿನವರು ಉತಾರಕ್ಕೆ, ಅಂದರೆ ಮನೆ ಜಾಗದ ದಾಖಲೆಯ ನಕಲಿಗೆ ಬರುತ್ತಾರೆ. ಈಗೆಲ್ಲ ಇ-ಖಾತಾ, ಕಂಪ್ಯೂಟರಿನಲ್ಲೇ ಆಗಬೇಕು, ಸರ್ಕಾರದ ‘ಸಕಾಲ’ ಯೋಜನೆಯಲ್ಲಿ ಅರ್ಜಿ ಹಾಕಿದರೆ ಇಷ್ಟು ದಿನ ಅಂತ ಗಡುವು ಇದೆ. ಅರ್ಜಿ ಹಾಕಿ ಸ್ವೀಕೃತಿ ತೆಗೆದುಕೊಳ್ಳಲು ಅವರಿಗೆ ಕಲಿಸು. ಫೈಲು ನೀನೇ ಹೊತ್ತು ತಿರುಗಬೇಡ. ತಿರುಗಿದರೆ ಆರು ತಿಂಗಳಲ್ಲಿ ಮೆಂಬರ್ ಹೋಗಿ ಏಜೆಂಟ್ ಆಗುತ್ತೀ. ನಾಯಿ ಕಾಟ ಅಂತ ಬರುತ್ತಾರೆ, ಹಿಡಿದು ದೂರ ಬಿಟ್ಟು ಬನ್ನಿ ಅಂತಾರೆ. 2023ರ ನಿಯಮದ ಪ್ರಕಾರ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸುವ ದಾರಿ ಇದೆ. ಅದಕ್ಕೆ ದುಡ್ಡು ಇಡಿಸುವುದು ನಿನ್ನ ಕೆಲಸ. ಹಿಡಿಸಿ ಪಕ್ಕದ ಊರಿಗೆ ಬಿಟ್ಟರೆ ಆ ಊರಿನವರು ತಮ್ಮವನ್ನು ತಂದು ಇಲ್ಲಿ ಬಿಡುತ್ತಾರೆ, ಅಷ್ಟೇ.

ಒಂದು ದಿನ ಬೆಳಿಗ್ಗೆ ಪೌರಕಾರ್ಮಿಕರ ಹಾಜರಿ ಹಾಕುವ ಹೊತ್ತಿಗೆ ಹೋಗಿ ನಿಲ್ಲು. ಫೋಟೋದವರನ್ನು ಕರೆದುಕೊಂಡು ಹೋಗಬೇಡ. ಏಳುನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಅಂತ ಸರ್ಕಾರದ ಲೆಕ್ಕ. ನಿನ್ನ ಊರಿನ ಜನಸಂಖ್ಯೆಗೆ ಭಾಗಿಸು, ಎದುರಿಗೆ ನಿಂತವರನ್ನು ಎಣಿಸು. ಕೈಗವಸು ಕೊಟ್ಟಿದ್ದಾರೆ ಅಂತ ಪುಸ್ತಕದಲ್ಲಿ ಇರುತ್ತದೆ, ಕೈ ನೋಡು. ನಾನು ಅಷ್ಟು ವರ್ಷ ಆಫೀಸಿನಲ್ಲಿ ಇದ್ದು ಆ ಹೊತ್ತಿಗೆ ಹೋಗಿ ನಿಂತದ್ದು ಎರಡೋ ಮೂರೋ ಸಲ. ಪಗಾರ ತಡವಾದ ತಿಂಗಳು ಒಬ್ಬಾಕೆ ಬಂದು ನನ್ನ ಮೇಜಿನ ಮುಂದೆ ಸುಮ್ನೆ ನಿಂತಿದ್ದಳು, ಏನೂ ಕೇಳಲಿಲ್ಲ. ಬಿಲ್ಲು ನನ್ನ ಮೇಜಿನ ಮೇಲೆಯೇ ಇತ್ತು. ಅದು ಇನ್ನೂ ಕಣ್ಣ ಮುಂದೆ ಇದೆ.

ಸಾಹೇಬರ ಜೊತೆ, ಗುಮಾಸ್ತನ ಜೊತೆ ಚೆನ್ನಾಗಿರು. ಗುಮಾಸ್ತ ಬರೆದದ್ದು ಸರಿ ಇದ್ದರೆ ಚೆನ್ನಾಗಿ ಬರೆದಿದ್ದೀರಿ ಅನ್ನು. ಮೂವತ್ತೊಂದು ವರ್ಷದಲ್ಲಿ ನನಗೆ ಆ ಮಾತು ಹೇಳಿದವರು ಇಬ್ಬರೇ. ಅವರಲ್ಲಿ ಒಬ್ಬಾಕೆ ಆ ಎಳ್ಳ ಅಮಾವಾಸ್ಯೆಯ ಮೆಂಬರವ್ವ. ಅವಳ ಸಭೆ ಇದ್ದ ದಿನ ನಾನು ಅಕ್ಷರ ದುಂಡಗೆ ಬರೆಯುತ್ತಿದ್ದೆ. ಓದುವವರು ಇದ್ದಾರೆ ಅಂತ.

ಇಷ್ಟು ಬರೆದು ಕೈ ನೋಯುತ್ತಿದೆ. ಬರುವ ಭಾನುವಾರ ನಾನು ಊರಿಗೆ ಬರುತ್ತೇನೆ, ಗದ್ದಿಗೆ ದರ್ಶನವೂ ಆಗುತ್ತದೆ. ಅಷ್ಟರಲ್ಲಿ ನಕಲು ಸಿಕ್ಕರೆ ತೆಗೆದಿಡು, ಇಬ್ಬರೂ ಕೂತು ಇಪ್ಪತ್ತೆರಡು ವಿಷಯ ಒಂದೊಂದೇ ಓದೋಣ. ಒಂಬತ್ತನೇ ವಿಷಯ ಹೊಸ ಬಸ್ ಸ್ಟ್ಯಾಂಡ್ ಮಳಿಗೆಯದು ಅಂದೆಯಲ್ಲ, ಅದನ್ನು ಮೊದಲು ನೋಡಬೇಕು. ಚಿಗವ್ವ ಅಗಸಿ ಹಿಂಡಿ ಕುಟ್ಟಿಟ್ಟಿದ್ದಾಳೆ, ತರುತ್ತೇನೆ. ನನ್ನ ಕನ್ನಡಕ ಹೊಸದು, ಗುಮಾಸ್ತನ ಅಕ್ಷರ ಎಷ್ಟು ಸಣ್ಣ ಇದ್ದರೂ ಕಾಣುತ್ತದೆ.

ನಿನ್ನ ಕಾಕಾ